ಯಜಮಾನಿಯ ಕಾಲು

ಅತ್ತೆ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ದಿನವೇ ಹಿತ್ತಲಿನ ಕೋಳಿಗೂಡು ಸೊಸೆಯ ವಶಕ್ಕೆ ಹೋಯಿತು. ಒಪ್ಪಿಸಿದವಳು ಅತ್ತೆಯೇ. ಆಸ್ಪತ್ರೆಯಿಂದ ತಂದ ವಾಕರ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾಲ್ಕು ದಿನ ನೀನೇ ನೋಡ್ಕೋಮ್ಮ" ಅಂದಿದ್ದಳು. ಆ ನಾಲ್ಕು ದಿನ ತಿಂಗಳಾಯಿತು, ತಿಂಗಳು ದಾಟಿಯೂ ಹೋಯಿತು. ಡಾಕ್ಟರು ಬಗ್ಗಬೇಡಿ, ಮೆಟ್ಟಿಲಿಳಿಯಬೇಡಿ, ಕುಕ್ಕರುಗಾಲಲ್ಲಿ ಕೂರಲೇಬೇಡಿ ಅಂದಿದ್ದರು. ಬಗ್ಗದೆ, ಕೂರದೆ ಕೋಳಿ ಸಾಕುವುದು ಹೇಗೆ ಅಂತ ಮಾತ್ರ ಹೇಳಿರಲಿಲ್ಲ.

ಹಿತ್ತಲ ಬಾಗಿಲೊಳಗೆ ಅವಳಿಗೊಂದು ಎತ್ತರದ ಕುರ್ಚಿ ಹಾಕಿದರು. ಕುರ್ಚಿಯ ಎದುರಿಗೇ, ಎರಡು ಮೆಟ್ಟಿಲ ಕೆಳಗೆ ಬಟ್ಟೆ ಒಗೆಯುವ ಕಲ್ಲು. ಕೋಳಿಗಳಿಗೆ ಆ ಕಲ್ಲೆಂದರೆ ಪ್ರಾಣ. ಕಾಳು ತಿಂದಾದ ಮೇಲೆ ಒಂದೊಂದಾಗಿ ಹಾರಿ ಅದರ ಮೇಲೆ ನಿಂತು ರೆಕ್ಕೆ ಕೆದರಿಕೊಳ್ಳುತ್ತಿದ್ದವು. ಅತ್ತೆ ಬೆಳಗಿಂದ ಸಂಜೆವರೆಗೆ ಅಲ್ಲೇ ಕೂತು ಸೊಪ್ಪು ಸೋಸುತ್ತಿದ್ದಳು, ಬಟಾಣಿ ಬಿಡಿಸುತ್ತಿದ್ದಳು, ಸೊಸೆ ಮಾಡುವ ಪ್ರತಿಯೊಂದು ಕೆಲಸದಲ್ಲೂ ತಪ್ಪು ಹುಡುಕುತ್ತಿದ್ದಳು.

ತಪ್ಪು ಸಿಗಬೇಕಲ್ಲ! ಸೊಸೆ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು, ಕೈ ಚುರುಕು. ಬೆಳಕು ಹರಿಯುವ ಮುಂಚೆ ಗೂಡು ತೆಗೆದು, ಕಾಳು ಚೆಲ್ಲಿ, ಹಿಕ್ಕೆ ಗುಡಿಸಿ ಕೆಲಸಕ್ಕೆ ಹೋದರೆ, ಕತ್ತಲಾಗುವ ಹೊತ್ತಿಗೆ ಬಂದು ಕೂಡಿ ಹಾಕುತ್ತಿದ್ದಳು. ಮೊಟ್ಟೆಸಿಪ್ಪೆ ಒಣಗಿಸಿ, ಪುಡಿಮಾಡಿ ಕಾಳಿಗೆ ಬೆರೆಸುವುದು ಅವಳದೇ ಯೋಚನೆ.

"ನಾನು ಇಷ್ಟು ವರ್ಷ ಸಾಕ್ದೆ. ಯಾವ ಪುಡೀನೂ ಹಾಕಿರ್ಲಿಲ್ಲ" ಅಂದಳು ಅತ್ತೆ.

"ಹಾಕಿದ್ರೆ ಸಿಪ್ಪೆ ಗಟ್ಟಿಯಾಗುತ್ತಂತೆ ಅತ್ತೆ."

"ಯಾರು ಹೇಳಿದ್ದು?"

"ಅಂಗಡೀಲಿ ಯಾರೋ ಹೇಳಿದ್ರು."

ಸಿಪ್ಪೆ ಗಟ್ಟಿಯಾಯಿತು. ಅದೇ ಅತ್ತೆಗೆ ಸಹಿಸಲಾಗದ್ದು. ರಾತ್ರಿ ಊಟಕ್ಕೆ ಕೂತಾಗ ಮಾವ, ಅಂದರೆ ಅವಳ ಗಂಡ, ಬೇಯಿಸಿದ ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಕುಟ್ಟಿ, "ಈಚೆಗೆ ಮೊಟ್ಟೆ ಎಷ್ಟು ಚೆನ್ನಾಗಿ ಬರ್ತಿದೆ ಅಲ್ವಾ?" ಅಂದುಬಿಟ್ಟರು. ಮಾವ ಗಡಿಯಾರ ರಿಪೇರಿಯವರು. ಬಾಳೆಲ್ಲಾ ಗಡಿಯಾರದ ಹೊಟ್ಟೆಯೊಳಗೆ ಕಣ್ಣಿಟ್ಟವರಿಗೆ ಎದುರಿಗಿದ್ದ ಹೆಂಡತಿಯ ಮುಖ ಕಾಣಲಿಲ್ಲ.

"ಮೊದ್ಲು ಬರ್ತಿದ್ದಿದ್ದು ಕಲ್ಲಾ?" ಅಂದಳು ಅತ್ತೆ.

"ಹಾಗಲ್ಲ ಕಣೇ..."

"ಹೇಗೆ ಮತ್ತೆ?"

ಮಾವ ಉಪ್ಪಿನ ಡಬ್ಬಿ ಹುಡುಕತೊಡಗಿದರು. ಮಗ ನಕ್ಕ. ಸೊಸೆ ತಲೆ ತಗ್ಗಿಸಿ ಬ್ರೆಡ್ಡು ಮುರಿದಳು. ಅವಳೂ ಒಳಗೊಳಗೇ ನಗುತ್ತಿದ್ದಾಳೆ ಅಂತ ಅತ್ತೆಗೆ ಖಾತ್ರಿಯಾಯಿತು.

ಇಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಯಜಮಾನಿಯೂ ಕೈಬಿಟ್ಟಿತ್ತು. ಯಜಮಾನಿ ಅಂದರೆ ಗೂಡಿನ ಅತ್ಯಂತ ಹಳೆಯ ಕೋಳಿ, ಕಪ್ಪು ಮೈ, ಕತ್ತಿನ ಸುತ್ತ ಕೆಂಪು. ಮರಿಯಾಗಿದ್ದಾಗ ಬೆಕ್ಕಿನ ಬಾಯಿಂದ ಬಿಡಿಸಿ, ಹತ್ತಿಯಲ್ಲಿ ಸುತ್ತಿ ಅತ್ತೆ ಬದುಕಿಸಿದ ಜೀವ. ಆಮೇಲಿಂದ ಅವಳ ಮಡಿಲೇ ಅದರ ಮನೆ. ಈಗ ಗೇಟಿನಲ್ಲಿ ಸೊಸೆಯ ಚಪ್ಪಲಿ ಸದ್ದಾದರೆ ಸಾಕು, ರೆಕ್ಕೆ ಅಗಲಿಸಿಕೊಂಡು ಓಡುತ್ತಿತ್ತು. ಅತ್ತೆ "ಬಾ ಬಾ ಬಾ" ಅಂತ ಗಂಟಲು ಹರಿದುಕೊಂಡರೂ ತಿರುಗಿ ನೋಡುತ್ತಿರಲಿಲ್ಲ. "ಕೃತಘ್ನ ಮುಂಡೇದು" ಅಂತ ಬೈದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದೂ ಉಂಟು.

ಸೊಸೆಗೂ ತನ್ನ ಸಂಕಟ ಇತ್ತು, ಅದನ್ನೂ ಹೇಳಿಬಿಡಬೇಕು. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ದಿನವೆಲ್ಲ ಯಾರ್‍ಯಾರದೋ ಕಟ್ಟಡದ ಬಾವಿಯಂಥ ಗೂಡಿನಲ್ಲಿ ನೇತಾಡಿ ಮನೆಗೆ ಬಂದವನು ಕೈ ತೊಳೆದು ನೇರ ಅಮ್ಮನ ಕುರ್ಚಿಯ ಪಕ್ಕ ಕೂರುತ್ತಿದ್ದ. ಯಾವ ಲಿಫ್ಟಿನಲ್ಲಿ ಯಾರು ಸಿಕ್ಕಿಕೊಂಡರು, ಮೇಸ್ತ್ರಿ ಏನು ಬೈದ, ಎಲ್ಲ ಅಮ್ಮನಿಗೆ. ಹೆಂಡತಿಗೆ ಉಳಿಯುತ್ತಿದ್ದುದು "ಊಟಕ್ಕೇನು?" ಅನ್ನುವ ಒಂದೇ ಮಾತು. ಸೊಸೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಅಷ್ಟೇ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಟೈಲರಮ್ಮ ಬಂದಳು. ಅವತ್ತು ಸೊಸೆಗೆ ರಜೆ. ಅವಳೇ ಒಂದು ಚೀಲ ತುಂಬ ಮೊಟ್ಟೆ ಕೊಟ್ಟಳು. ಟೈಲರಮ್ಮ ಚೀಲ ಎತ್ತಿ ನೋಡಿ, "ಅಬ್ಬಾ, ನಿಮ್ಮ ಸೊಸೆ ಕೈಗುಣಾನೇ ಕೈಗುಣ ಕಣ್ರೀ! ನೀವಿದ್ದಾಗ ಇಷ್ಟೆಲ್ಲ ಇರ್ತಿರ್ಲಿಲ್ಲಪ್ಪ" ಅಂದಳು.

"ನಾನಿನ್ನೂ ಇದೀನಲ್ಲ" ಅಂದಳು ಅತ್ತೆ.

ಟೈಲರಮ್ಮ ಬಿದ್ದು ಬಿದ್ದು ನಕ್ಕಳು. ಸೊಸೆ ಅವಳನ್ನು ಬೀಳ್ಕೊಡಲು ಗೇಟಿನವರೆಗೆ ಹೋದಳು. ಆಗಲೇ ಯಜಮಾನಿ ಒಗೆಯುವ ಕಲ್ಲಿನ ಮೇಲೆ ಹಾರಿ ನಿಂತದ್ದು, ಬಿಸಿಲು ನೇರವಾಗಿ ಅದರ ಕಾಲಿನ ಮೇಲೆ ಬಿದ್ದದ್ದು.

ಬಲಗಾಲಿನ ಹಿಂಬೆರಳಿಗಿಂತ ಸ್ವಲ್ಪ ಮೇಲೆ ಒಂದು ಚಿಪ್ಪು ಎದ್ದಿತ್ತು. ಚೆನ್ನಾಗಿರುವ ಕೋಳಿಯ ಕಾಲಲ್ಲಿ ಚಿಪ್ಪುಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ನುಣ್ಣಗೆ ಕೂತಿರುತ್ತವೆ. ಇದು ಅಂಚು ಬಿಟ್ಟು ಮೇಲೆದ್ದಿತ್ತು, ಅಡಿಯಿಂದ ಸುಣ್ಣದಂಥ ಪುಡಿ ಇಣುಕುತ್ತಿತ್ತು. ಅತ್ತೆ ನೋಡಿದ ಕೂಡಲೇ ಗುರುತಿಸಿದಳು. ಕಾಲುನುಸಿ. ಕಣ್ಣಿಗೆ ಕಾಣದ ಹುಳ, ಚಿಪ್ಪಿನ ಅಡಿಗೆ ಕೊರೆದುಕೊಂಡು ಹೋಗಿ ಅಲ್ಲೇ ಸಂಸಾರ ಹೂಡುತ್ತದೆ. ರಾತ್ರಿ ಕೋಳಿಗಳು ಒತ್ತೊತ್ತಾಗಿ ಕೂರುವ ಕೋಲಿನ ಮೇಲೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಮೊದಲಲ್ಲೇ ಹಿಡಿದರೆ ಏನೂ ಅಲ್ಲ. ಬಿಟ್ಟರೆ ಕಾಲು ದಪ್ಪವಾಗಿ, ಹೊಪ್ಪಳೆ ಕಟ್ಟಿ, ಕೋಳಿ ಕುಂಟಾಗುತ್ತದೆ.

"ಏ..." ಅಂತ ಕೂಗಲು ಬಾಯಿ ತೆರೆದಳು. ಗೇಟಿನ ಹತ್ತಿರ ಸೊಸೆ, ಟೈಲರಮ್ಮ ಇನ್ನೂ ನಗುತ್ತಿದ್ದರು. ಅತ್ತೆ ಬಾಯಿ ಮುಚ್ಚಿದಳು.

ಕೈಗುಣ ಅಲ್ವಾ? ನೋಡೋಣ ಕೈಗುಣಾನ, ಅಂದುಕೊಂಡಳು.

ಕೋಳಿ ಸಾಯಲಿ ಅಂತ ಅವಳೇನೂ ಬಯಸಲಿಲ್ಲ, ಹಾಗೆ ಹೇಳಿದರೆ ತಪ್ಪಾಗುತ್ತದೆ. ಸೊಸೆ ತಾನಾಗಿ ಬಂದು, ಎದುರಿಗೆ ನಿಂತು, ಅತ್ತೆ ನನಗೆ ಗೊತ್ತಾಗ್ತಿಲ್ಲ, ನೀವೇ ಹೇಳಿ ಅನ್ನಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ. ಇವತ್ತು ಕೇಳುತ್ತಾಳೆ, ನಾಳೆ ಕೇಳುತ್ತಾಳೆ ಅಂತ ಕಾದಳು. ಸೊಸೆ ಕೋಳಿಗಳನ್ನು ನೋಡುತ್ತಿದ್ದುದು ಮಬ್ಬುಗತ್ತಲಲ್ಲಿ, ಅದೂ ಮೇಲಿಂದ. ರಜೆಯ ದಿನ ಮನೆಯ ಬಟ್ಟೆಯೆಲ್ಲ ಅವಳ ತಲೆಗೆ ಬೀಳುತ್ತಿತ್ತು. ಒಂದು ಸಲ ಮಾತ್ರ, "ಯಜಮಾನಿ ಕಾಲು ಒರಟಾಗಿದೆ ಅಲ್ವಾ ಅತ್ತೆ?" ಅಂದಳು.

ಅತ್ತೆ ಸೊಪ್ಪಿನಿಂದ ಕಣ್ಣೆತ್ತದೆ, "ವಯಸ್ಸಾಯ್ತಲ್ಲ" ಅಂದಳು.

ಯಾಕೆ ಹಾಗಂದಳು? ಅದು ಕೇಳಿದ ಹಾಗಿರಲಿಲ್ಲ, ಸುಮ್ಮನೆ ಮಾತಿಗೆ ಅಂದ ಹಾಗಿತ್ತು. ಅತ್ತೆಗೆ 'ನೀವೇ ಹೇಳಿ' ಅನ್ನುವ ಮಾತು ಪೂರ್ತಿ ಬೇಕಿತ್ತು.

ವಾರಗಳು ಕಳೆದವು. ಬಲಗಾಲಿನದ್ದು ಎಡಗಾಲಿಗೆ ಬಂತು. ಪುಕ್ಕಲಿ ಅನ್ನುವ ಬಿಳಿ ಕೋಳಿಯ ಕಾಲಲ್ಲೂ ಪುಡಿ ಕಾಣಿಸಿತು. ಅತ್ತೆ ಬಟಾಣಿ ಬಿಡಿಸುತ್ತಾ ಒಂದೊಂದನ್ನೂ ಗಮನಿಸುತ್ತಿದ್ದಳು. ಒಮ್ಮೊಮ್ಮೆ, ಇವತ್ತು ಹೇಳಿಬಿಡಬೇಕು ಅನ್ನಿಸುತ್ತಿತ್ತು. ಅಷ್ಟರಲ್ಲಿ ಮಾವ ಒಳಗಿಂದ, "ಸೊಸೆ ಮಾಡಿದ ಆಮ್ಲೆಟ್ ಇನ್ನೊಂದು ಇದೆಯಾ?" ಅಂತ ಕೇಳುತ್ತಿದ್ದರು. ಮುಗಿಯಿತು, ಬಾಯಿಗೆ ಬೀಗ.

ಒಂದು ರಜೆಯ ದಿನ ಬೆಳಗ್ಗೆ ಯಜಮಾನಿ ಗೂಡಿನಿಂದ ಹೊರಗೇ ಬರಲಿಲ್ಲ. ಸೊಸೆ ಒಳಗೆ ಕೈಹಾಕಿ ಎತ್ತಿ ತಂದು ಕಲ್ಲಿನ ಮೇಲಿಟ್ಟಳು. ಬಿಸಿಲಿನಲ್ಲಿ ಕಂಡ ಕೂಡಲೇ ಚೀರಿದಳು.

"ಅಯ್ಯೋ, ಇದೇನು ಹೀಗಾಗಿದೆ! ಮಾವ, ಬನ್ನಿ ಇಲ್ಲಿ!"

ಎರಡೂ ಕಾಲು ಹೊಪ್ಪಳೆಯಿಂದ ದಪ್ಪಗಾಗಿ, ಬೆರಳು ಮಡಿಸಲೂ ಆಗದ ಹಾಗೆ ಬಿಗಿದಿದ್ದವು. ಒಂದು ಬೆರಳ ತುದಿ ಕಪ್ಪಾಗಿತ್ತು. ಮಾವ ಕಣ್ಣಿಗೆ ಗಡಿಯಾರದ ಭೂತಗನ್ನಡಿ ಸಿಕ್ಕಿಸಿಕೊಂಡೇ ಓಡಿ ಬಂದರು. ಬಗ್ಗಿ ನೋಡಿದರು. "ಹುಳ ಇರ್ಬೇಕು. ಕಾಣ್ತಿಲ್ಲ. ಒಳಗಿದೆ ಅನ್ಸುತ್ತೆ, ತೆಗೆದು ನೋಡೋಣ" ಅಂದರು. ಜೇಬಿನಿಂದ ಚಿಮಟ ಬಂತು. ಮುಳ್ಳಿನಷ್ಟು ಸಣ್ಣ ಸ್ಕ್ರೂ ತೆಗೆಯುವ ಚಿಮಟ ಅದು. ಗಡಿಯಾರದ ಮುಚ್ಚಳ ತೆಗೆದಷ್ಟೇ ನಾಜೂಕಾಗಿ ಚಿಪ್ಪಿನ ಅಂಚು ಹಿಡಿದು ಎಳೆದರು. ಯಜಮಾನಿ ಕಿರುಚಿತು. ರಕ್ತ ಕಲ್ಲಿನ ಮೇಲೆ ಹರಿಯಿತು.

"ಕೀಳ್ಬೇಡ್ರೀ!" ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟಳು. "ಅದನ್ನ ಕೀಳ್ಬಾರದು! ನೆನೆಸಿ ಮೆತ್ತಗೆ ಮಾಡ್ಬೇಕು! ಗಡಿಯಾರ ಅಂದ್ಕೊಂಡ್ರಾ ಅದನ್ನ?"

ಮಾವ ಚಿಮಟ ಹಿಡಿದೇ ನಿಂತರು. ಸೊಸೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು.

"ಅತ್ತೆ, ನಿಮಗಿದು ಗೊತ್ತಾ? ನಂಗೇನೂ ತಿಳೀತಿಲ್ಲ. ಏನು ಮಾಡ್ಲಿ, ನೀವೇ ಹೇಳಿ."

ಬಂತು. ಕಾದಿದ್ದ ಮಾತು ಅಕ್ಷರಕ್ಕಕ್ಷರ ಬಂತು. ಅತ್ತೆ ಸೆರಗು ಸಿಕ್ಕಿಸಿಕೊಂಡಳು.

"ಅಗಲವಾದ ಬೋಗುಣೀಲಿ ಉಗುರು ಬೆಚ್ಚಗಿನ ನೀರು ತಾ. ಬಟ್ಟೆ ಸೋಪಲ್ಲ, ಮೈ ಸೋಪು. ಹಳೇ ಟೂತ್‌ಬ್ರಷ್, ಮೆತ್ತಂದು. ಒಣ ಟವಲ್ಲು. ತುಟಿ ಒಡೆದ್ರೆ ಹಚ್ತೀಯಲ್ಲ, ಆ ಪೆಟ್ರೋಲಿಯಂ ಜೆಲ್ಲಿ ಡಬ್ಬಿ."

ಮಗ ಹಾಸಿಗೆಯಿಂದೆದ್ದು ಬಂದು, "ಜೆಲ್ಲಿ ಯಾಕಮ್ಮ, ನನ್ನ ಹತ್ರ ಲಿಫ್ಟಿನ ಗ್ರೀಸ್ ಇದೆ, ಡಬ್ಬಗಟ್ಲೆ" ಅಂದ.

"ನಿನ್ನ ತಲೆಗೆ ಹಚ್ಕೋ ಅದನ್ನ! ಚರ್ಮ ಸುಡುತ್ತೆ. ನೀನು ಗೂಡಿನ ಕೋಲೆಲ್ಲ ಬಿಚ್ಚಿ ಕುದಿಯೋ ನೀರು ಹಾಕಿ ಉಜ್ಜು. ಸಂದೀಲೆಲ್ಲ ಎಣ್ಣೆ ಹಚ್ಚು."

ಯಜಮಾನಿಯನ್ನು ಟವಲಿನಲ್ಲಿ ಸುತ್ತಿ ಅತ್ತೆಯ ಮಡಿಲಲ್ಲಿಟ್ಟರು. ಎಷ್ಟು ದಿನವಾಗಿತ್ತು! ಸೊಸೆ ಕೆಳಗೆ ಕೂತು ಅದರ ಕಾಲನ್ನು ನೀರಲ್ಲಿ ಅದ್ದಿ ಹಿಡಿದಳು.

"ಸಾಕಾ ಅತ್ತೆ?"

"ಇನ್ನೂ ನೆನೀಲಿ."

"ಈಗ ಉಜ್ಜಲಾ?"

"ಮೇಲಿಂದ ಕೆಳಕ್ಕೆ. ಉದುರೋದು ಉದುರುತ್ತೆ, ಉದುರದಿದ್ರೆ ಬಿಡು. ಜೆಲ್ಲಿ ದಪ್ಪಗೆ ಹಚ್ಚು, ಚಿಪ್ಪಿನ ಸಂದಿಗೆ ಹೋಗ್ಬೇಕು. ಗಾಳಿ ಸಿಗದೆ ಸಾಯುತ್ವೆ ಒಳಗಿನವು."

"ಬರೀ ಕುಂಟ್ತಿರೋ ಕೋಳಿಗಾ?"

"ಎಲ್ಲದಕ್ಕೂ. ಕಾಲು ಚೆನ್ನಾಗಿ ಕಾಣೋ ಕೋಳಿಗೂ. ಒಂದು ಬಿಟ್ರೂ ಮತ್ತೆ ಶುರು. ದಿನಾ ಹಚ್ಬೇಕು, ವಾರಕ್ಕೊಂದ್ಸಲ ನೆನೆಸ್ಬೇಕು, ಹೊಸ ಚಿಪ್ಪು ಬರೋವರೆಗೂ."

ಆ ದಿನಗಳು ಅತ್ತೆಗೆ ಹಬ್ಬವಾದವು. ಸೊಸೆ ಕೆಲಸದಿಂದ ಬಂದ ತಕ್ಷಣ ಕೋಳಿ ಎತ್ತಿಕೊಂಡು ಬಂದು ಅತ್ತೆಯ ಕಾಲ ಬಳಿ ಕೂರುತ್ತಿದ್ದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಚಿಪ್ಪು ನೋಡುತ್ತಿದ್ದರು. ಯಜಮಾನಿಯ ಕಪ್ಪಾದ ಬೆರಳ ತುದಿ ಒಂದು ದಿನ ಟವಲಿನಲ್ಲೇ ಉದುರಿತು. ಸೊಸೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತಳು. ಅತ್ತೆಯ ಮುಖ ಒಂದು ಕ್ಷಣ ಬಿಳಿಚಿತು. "ವಯಸ್ಸಾದ ಕೋಳಿ ಅಲ್ವಾ" ಅಂದಳು. ಮತ್ತೆ ಅದೇ ಮಾತು.

ಊಟಕ್ಕೆ ಕೂತಾಗ ಸೊಸೆ ಎಲ್ಲರೆದುರು, "ಅತ್ತೆ ಇಲ್ದಿದ್ರೆ ಇಷ್ಟೊತ್ತಿಗೆ ಎಲ್ಲ ಕೋಳೀನೂ ಹೋಗ್ತಿದ್ವು" ಅಂದಳು. ಮಾವ ತಲೆಯಾಡಿಸಿದರು. ಮಗ ಅಮ್ಮನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದ. ಅತ್ತೆಗೆ ಹೊಟ್ಟೆ ತುಂಬಿತು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಟೈಲರಮ್ಮನಿಗೆ ಒಂದು ಮಾತು ಮುಟ್ಟಿಸದೆ ಇರುವುದು ಹೇಗೆ? ಟೈಲರಮ್ಮ ಬಂದಳು, ಕೋಳಿಗಳ ಹೊಳೆಯುವ ಕಾಲು ನೋಡಿ, "ನಿಮ್ಮ ಸೊಸೆ..." ಅಂತ ಶುರು ಮಾಡಿದಳು. ಅತ್ತೆ ತಡೆದಳು.

"ಸೊಸೆಗೆ ಏನು ಗೊತ್ತು ಪಾಪ? ಇದೆಲ್ಲ ಕಣ್ಣಿಗೆ ಬೀಳ್ಬೇಕಂದ್ರೆ ಅನುಭವ ಬೇಕು. ನೋಡಿ, ಯಜಮಾನಿ ಬಲಗಾಲಲ್ಲಿ, ಹಿಂಬೆರಳಿಗಿಂತ ಒಂಚೂರು ಮೇಲೆ, ಒಂದೇ ಒಂದು ಚಿಪ್ಪು ಎದ್ದಿತ್ತು. ಒಂದೇ ಒಂದು! ಬೇರೆ ಯಾರಿಗೂ ಕಾಣ್ತಿರ್ಲಿಲ್ಲ. ನಂಗೆ ನೋಡಿದ ಕೂಡ್ಲೇ ಗೊತ್ತಾಯ್ತು."

"ಅಬ್ಬಾ, ಎಂಥ ಕಣ್ರೀ ನಿಮ್ದು!"

ಸೊಸೆ ಬೋಗುಣಿ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾವತ್ತು ಅತ್ತೆ?"

"ಯಾವತ್ತು ಅಂದ್ರೆ?"

"ಒಂದೇ ಚಿಪ್ಪು ಎದ್ದಿದ್ದನ್ನ ನೀವು ನೋಡಿದ್ದು ಯಾವತ್ತು? ನಾನು ಕಲ್ಲಿನ ಮೇಲಿಟ್ಟಾಗ ಎರಡೂ ಕಾಲು ಪೂರ್ತಿ ಹೋಗಿತ್ತಲ್ಲ."

ಅತ್ತೆ ಬಟಾಣಿ ಬುಟ್ಟಿಗೆ ಕೈ ಹಾಕಿದಳು. ಬುಟ್ಟಿ ಖಾಲಿಯಾಗಿತ್ತು. ಟೈಲರಮ್ಮ ಇಬ್ಬರ ಮುಖವನ್ನೂ ನೋಡಿ, "ಒಲೆ ಮೇಲೆ ಹಾಲಿಟ್ಟು ಬಂದಿದ್ದೆ" ಅಂತ ಎದ್ದು ಹೋದಳು.

ಜಗಳ ಊಟದ ಹೊತ್ತಿಗೆ ಬಂತು. ಸೊಸೆ ಎಲ್ಲರಿಗೂ ಬಡಿಸಿ, ತನ್ನ ತಟ್ಟೆ ಮುಟ್ಟದೆ ಕೂತಿದ್ದಳು.

"ಏನಾಯ್ತು?" ಅಂದ ಮಗ.

"ನಿಮ್ಮ ಅಮ್ಮನ್ನ ಕೇಳಿ. ಯಜಮಾನಿ ಕಾಲಿಗೆ ಹುಳ ಬಿದ್ದಿದ್ದು ಅವರಿಗೆ ಮೊದ್ಲೇ ಗೊತ್ತಿತ್ತು. ಒಂದೇ ಒಂದು ಚಿಪ್ಪು ಎದ್ದಿದ್ದಾಗ್ಲೇ ನೋಡಿದ್ರಂತೆ. ಆಮೇಲೆ ಎಷ್ಟು ವಾರ ಆಯ್ತು ಲೆಕ್ಕ ಹಾಕಿ. ದಿನಾ ನೋಡ್ತಾ ಕೂತಿದ್ರು."

"ಹೌದಾಮ್ಮ?"

ಮಾವ, "ಹಾಗೆಲ್ಲ ಮಾಡೋಳಲ್ಲ ಅವಳು" ಅಂದರು. ಆ ಮಾತೇ ಅತ್ತೆಗೆ ತಡೆಯಲಾಗದೆ ಹೋಯಿತು.

"ಮಾಡ್ದೆ! ಹೌದು, ಮಾಡ್ದೆ. ಹೊಟ್ಟೆಕಿಚ್ಚು, ಏನೀಗ? ನಾನು ಹತ್ತೀಲಿ ಸುತ್ತಿ ಬದುಕಿಸಿದ ಕೋಳಿ ಇವಳ ಚಪ್ಪಲಿ ಸದ್ದಿಗೆ ಓಡುತ್ತೆ. ಟೈಲರಮ್ಮಂಗೆ ಇವಳ ಕೈಗುಣ, ನಿಮಗೆ ಇವಳ ಆಮ್ಲೆಟ್ಟು. ಈ ಮನೇಲಿ ನಾನ್ಯಾರು? ಬಾಗಿಲಿಗೆ ಅಡ್ಡ ಹಾಕಿರೋ ಕುರ್ಚಿ! ಇವಳು ಬಂದು ಒಂದ್ಸಲ ನನ್ನ ಕೇಳ್ಲಿ ಅಂತ ಕಾದೆ. ಬೆರಳು ಹೋಗುತ್ತೆ ಅಂತ ನಂಗೇನು ಗೊತ್ತಿತ್ತು?"

"ಕೇಳಿದ್ದೆ ಅತ್ತೆ. ಕಾಲು ಒರಟಾಗಿದೆ ಅಲ್ವಾ ಅಂದೆ. ವಯಸ್ಸಾಯ್ತು ಅಂದ್ರಿ."

ಯಾರೂ ಉಣ್ಣುತ್ತಿರಲಿಲ್ಲ. ಸೊಸೆಯ ದನಿ ಏರಲಿಲ್ಲ, ಅದೇ ಇನ್ನೂ ಕಷ್ಟವಾಗಿತ್ತು.

"ನಂಗೂ ಹೊಟ್ಟೆಕಿಚ್ಚಿದೆ ಅತ್ತೆ. ಇವರು ಕೆಲಸದಿಂದ ಬಂದ್ರೆ ಮೊದ್ಲು ನಿಮ್ಮ ಹತ್ರ ಕೂರ್ತಾರೆ. ನಂಗೆ ಒಂದು ಮಾತು ಉಳಿದಿರಲ್ಲ. ಅಡುಗೆಮನೇಲಿ ನಿಂತು ಉರ್ಕೊಂಡಿದೀನಿ, ಎಷ್ಟೋ ದಿನ. ಹಾಗಂತ ನಿಮ್ಮ ಮಾತ್ರೆ ಕೊಡೋದು ಒಂದು ಹೊತ್ತು ಬಿಟ್ನಾ?"

ಮಗ ತಟ್ಟೆ ನೋಡುತ್ತಾ ಕೂತ. ಅತ್ತೆ ಎದ್ದು ವಾಕರ್ ಎಳೆದುಕೊಂಡು ಒಳಗೆ ಹೋದಳು.

ಆಮೇಲೆ ಮನೆಯಲ್ಲಿ ಏನೂ ನಿಲ್ಲಲಿಲ್ಲ. ಮಾತ್ರೆ ಹೊತ್ತಿಗೆ ಸರಿಯಾಗಿ ಬಂತು, ಬಿಸಿನೀರು ಬಂತು, ಊಟದ ತಟ್ಟೆ ಕುರ್ಚಿಯ ಹತ್ತಿರವೇ ಬಂತು. ಮಗ ಈಗ ಕೆಲಸದಿಂದ ಬಂದು ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡು ಮಾತಾಡಿ ಆಮೇಲೆ ಅಮ್ಮನ ಹತ್ತಿರ ಬರುತ್ತಿದ್ದ. ಸೊಸೆ ಅತ್ತೆಗೆ ಎದುರಾಡಲಿಲ್ಲ, ಮುಖ ಊದಿಸಿಕೊಳ್ಳಲೂ ಇಲ್ಲ. ಕೇಳುವುದನ್ನು ಬಿಟ್ಟಳು, ಅಷ್ಟೇ. "ಸಾಕಾ ಅತ್ತೆ?" ಇಲ್ಲ. "ಈಗ ಉಜ್ಜಲಾ?" ಇಲ್ಲ. ಬೋಗುಣಿ, ಬ್ರಷ್ಷು, ಡಬ್ಬಿ ಎಲ್ಲ ತೆಗೆದುಕೊಂಡು ಗೂಡಿನ ಆಚೆ ಬದಿಗೆ ಹೋಗಿ ಒಬ್ಬಳೇ ಕೂತು ಒಂದೊಂದು ಕೋಳಿಯ ಕಾಲನ್ನೂ ನೆನೆಸಿ, ಒರೆಸಿ, ಹಚ್ಚುತ್ತಿದ್ದಳು. ಅತ್ತೆಗೆ ಇಲ್ಲಿಂದ ಕಾಣುತ್ತಿದ್ದುದು ಅವಳ ಬೆನ್ನು ಮಾತ್ರ. ಸೂಪಿಗೆ ಉಪ್ಪೆಷ್ಟು ಅಂತ ಕೂಡ ಈಗ ಅವಳು ಯಾರನ್ನೂ ಕೇಳುತ್ತಿರಲಿಲ್ಲ.

"ಮೆತ್ತಗೆ ಉಜ್ತಿದೀಯಾ ತಾನೇ?" ಅಂತ ಅತ್ತೆ ಕೂಗಿದರೆ, "ಹ್ಞೂ ಅತ್ತೆ" ಅಂತ ಉತ್ತರ ಬರುತ್ತಿತ್ತು.

ಹಳೆಯ ಹೊಪ್ಪಳೆ ಉದುರಿತು. ಅಡಿಯಿಂದ ಹೊಸ ಚಿಪ್ಪು ಹಳದಿಯಾಗಿ, ನಯವಾಗಿ ಬಂತು. ಯಜಮಾನಿ ಬೆರಳಿನ ತುದಿಯಿಲ್ಲದೆಯೂ ನಡೆಯಲು ಕಲಿತಿತು. ಮಗ ಕೋಲನ್ನು ಅದಕ್ಕಾಗಿ ಕೆಳಗಿಳಿಸಿ ಕಟ್ಟಿಕೊಟ್ಟ. ಅತ್ತೆಯ ಕಾಲೂ ಸುಧಾರಿಸಿ, ವಾಕರ್ ಹೋಗಿ ಊರುಗೋಲು ಬಂತು. ಡಾಕ್ಟರು ಒಂದೆರಡು ಮೆಟ್ಟಿಲು ಇಳಿಯಬಹುದು ಅಂದರು.

ಇಳಿದ ಮೊದಲ ದಿನವೇ ಅತ್ತೆ ಒಗೆಯುವ ಕಲ್ಲಿನ ಹತ್ತಿರ ಹೋದಳು. ಅಲ್ಲಿ ಕಂದಿ ನಿಂತಿತ್ತು, ಗೂಡಿನ ಕಂದು ಬಣ್ಣದ ಎಳೆಯ ಕೋಳಿ. ಅತ್ತೆ ಊರುಗೋಲಿನ ಮೇಲೆ ಭಾರ ಬಿಟ್ಟು ನಿಧಾನವಾಗಿ ಬಗ್ಗಿ ನೋಡಿದಳು. ಎಡಗಾಲಿನ ಮಧ್ಯದಲ್ಲಿ ಒಂದು ಚಿಪ್ಪಿನ ಅಂಚು ಕೂದಲಿನಷ್ಟು ಎದ್ದಿತ್ತು. ಅವಳ ಎದೆ ಡವಗುಟ್ಟಿತು. ಸಂಕಟಕ್ಕಲ್ಲ, ಖುಷಿಗೆ.

"ಏ, ಬಾರೇ ಇಲ್ಲಿ! ಬೇಗ ಬಾ!" ಅವಳು ಕೂಗಿದ ಭರಕ್ಕೆ ಟೈಲರಮ್ಮನ ಮನೆಯ ಹೊಲಿಗೆ ಮೆಷಿನ್ನೂ ನಿಂತಿತು. "ಕಂದಿ ಎಡಗಾಲು ನೋಡು! ಒಂದು ಚಿಪ್ಪು ಎದ್ದಿದೆ. ಈಗಷ್ಟೇ ನೋಡ್ದೆ ಕಣೇ, ಈಗಷ್ಟೇ. ನೋಡಿದ ತಕ್ಷಣ ಕರೆದೆ!"

ಸೊಸೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಕೋಳಿಯನ್ನು ಎತ್ತಲೂ ಇಲ್ಲ.

"ಗೊತ್ತು ಅತ್ತೆ. ಮೊನ್ನೆಯೇ ನೋಡ್ದೆ. ಎರಡು ದಿನದಿಂದ ಹಚ್ತಾ ಇದೀನಿ."

ಅತ್ತೆ ಮತ್ತೆ ಬಗ್ಗಿದಳು. ಹೌದು, ಚಿಪ್ಪಿನ ಸಂದಿಯಲ್ಲಿ ಜೆಲ್ಲಿ ಹೊಳೆಯುತ್ತಿತ್ತು.

"ಮೊನ್ನೆಯೇನಾ? ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ಕೇಳಿದ ಮೇಲೆ ಅತ್ತೆಗೆ ತಾನು ಏನು ಕೇಳಿದೆ ಅಂತ ತಿಳಿಯಿತು. ಸೊಸೆ ಅವಳ ಮುಖವನ್ನು ಒಂದು ಸಲ ನೋಡಿದಳು.

"ಟೀಗೆ ನೀರಿಟ್ಟಿದೀನಿ, ಬನ್ನಿ" ಅಂದು ಒಳಗೆ ಹೋದಳು.